ತಾನೇ ಇಳಿಯುವ ಹಳದಿ

ಹಸಿ ಆಡಿನ ಹಾಲಿನಲ್ಲಿ ಅರೆದ ನೆಲನೆಲ್ಲಿಯ ವಾಸನೆ. ಚಿಕ್ಕವಳಿದ್ದಾಗ ನನಗೆ ಕಾಮಾಲೆ ಬಂದಿತ್ತು. ಅಜ್ಜಿ ಮೂಗು ಹಿಡಿದು ಕುಡಿಸಿದ್ದು ಅದನ್ನೇ. ಕಹಿ ಹಸಿರು, ಅದರ ಹಿಂದೆ ಆಡಿನ ಮೈಯ ಕಮಟು. ಮುಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದೆ. ಆದರೂ ಆ ಗಿಡವನ್ನು ಕಂಡರೆ ಲ್ಯಾಟಿನ್ ಹೆಸರಿಗಿಂತ ಮೊದಲು ಬರುವುದು ಆ ವಾಸನೆಯೇ.

ಈಗ ಮಧುಗಿರಿಯ ನಾಗಲಿಂಗಯ್ಯನವರ ಮನೆಯ ಹೊಸ್ತಿಲಲ್ಲೇ ಅದು ನನ್ನನ್ನು ತಡೆದು ನಿಲ್ಲಿಸಿತು.

"ಮತ್ತೆ ಬಂತಾ?" ಅಂದೆ.

ಅವರ ಹೆಂಡತಿ ಮಂಜುಶ್ರೀ ಹೌದೆಂದು ತಲೆಯಾಡಿಸಿದಳು. ಕೈಯಲ್ಲಿದ್ದ ಲೋಟದ ಅಂಚಿಗೆ ಹಸಿರು ಅಂಟಿತ್ತು.

"ಬಂದ್ಬುಡ್ತು ಮೇಡಂ," ಒಳಗಿನಿಂದ ಹಾಲೇಶನ ದನಿ. "ಈ ಸಲ ಸಿಕ್ಕಿಬಿದ್ಲು ಬುಡಿ, ವಳ್ಳೂರಮ್ಮ."

ಹಾಲೇಶ್ ಮಂಜುಶ್ರೀಯ ತಮ್ಮ. ಶಿರಾದಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಒಂದು ಕಾಲಕ್ಕೆ ನನ್ನ ತರಗತಿಯ ಕಡೆಯ ಬೆಂಚಿನಲ್ಲಿ ಕೂತವನು. ಭಾವನಿಗೆ ಪದೇಪದೇ ಕಾಮಾಲೆ ಬರಿಸುತ್ತಿರುವ ವಿಷ ಯಾವ ಗಿಡದ್ದು ಎಂದು ಕಂಡುಹಿಡಿದುಕೊಡಿ ಎಂದು ನನ್ನನ್ನು ಈ ಮನೆಗೆ ಕರೆತಂದವನೇ ಅವನು.

ವಳ್ಳೂರಮ್ಮ ಅಂದರೆ ನಾಗಲಿಂಗಯ್ಯನವರ ಅಕ್ಕ ಬಸವಮ್ಮ. ಅವರ ಮೇಲಿನ ಅನುಮಾನಕ್ಕೆ ಒಂದು ಕಾರಣವೂ ಇತ್ತು. ಕೊರಟಗೆರೆ ಕಡೆಯ ಚಿಕ್ಕಹನುಮಕ್ಕ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುತ್ತಾಳೆ. ಉಪ್ಪು, ಎಣ್ಣೆ, ಒಗ್ಗರಣೆ ಬಿಟ್ಟು ಪಥ್ಯ. ಹಳದಿ ಇಳಿದ ಮೇಲೆ ಪಥ್ಯ ಮುರಿಯುವ ಮೊದಲ ಊಟವನ್ನು ಒಡಹುಟ್ಟಿದ ಹೆಣ್ಣುಮಗಳ ಕೈಯಿಂದಲೇ ತಿನ್ನಬೇಕು. ಅದು ಅವಳ ಕಟ್ಟಳೆ. ನಾಗಲಿಂಗಯ್ಯ ಪ್ರತಿ ಸಲವೂ ವಳ್ಳೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಊಟ ಮಾಡಿ ಬಂದರು. ಪ್ರತಿ ಸಲವೂ ಆಮೇಲೆ ಕಣ್ಣು ಹಳದಿಯಾಯಿತು.

"ಆಯಮ್ಮನ ಕೈಯಲ್ಲಿ ಉಣ್ಣಲ್ಲ ಅಂತ ನಮ್ಮಕ್ಕನ ಮೇಲೆ ಆಣೆ ಇಟ್ಟಿದ್ರು," ಹಾಲೇಶ್ ನನಗೆ ಕುರ್ಚಿ ಎಳೆದು, ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಎಷ್ಟು ಸಿಟ್ಟಿದ್ದರೂ ಅವನಿಗೆ ಇಂಥದ್ದು ಮರೆಯುವುದಿಲ್ಲ. "ಕದ್ದು ಹೋಗವ್ರೆ. ಪಾವಗಡ ಬಸ್‌ಸ್ಟ್ಯಾಂಡಲ್ಲಿ ನಮ್ಮ ಹುಡುಗ್ರು ನೋಡವ್ರೆ. ಕೈಯಲ್ಲಿ ಆಯಮ್ಮನ ಸ್ಟೀಲ್ ಡಬ್ಬಿ! ಈಗ ನೋಡಿ, ಚಳಿಜ್ವರ, ಹಳದಿ. ಸೋಮವಾರ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಬರೆಸ್ತೀನಿ. ನೀವು ಗಿಡದ ಹೆಸ್ರು ಹೇಳಿ, ಸಾಕು."

ನಾಗಲಿಂಗಯ್ಯ ಮಂಚದ ಮೇಲೆ ಒರಗಿದ್ದರು. ಮಧುಗಿರಿಯ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆಯ ಪಕ್ಕ ನಿಂತರೆ ಮೂಟೆಯೇ ಸಣ್ಣದಾಗಿ ಕಾಣುತ್ತಿದ್ದ ಮನುಷ್ಯ. ಈಗ ಅಂಗಿಯೊಳಗೆ ಮೈಯನ್ನು ಹುಡುಕಬೇಕಾಗಿತ್ತು.

"ಬನ್ನಿ ಮೇಡಂ. ಅರಿಶಿನದ ರೇಟು ಏರಿದೆಯಂತೆ. ನನ್ನನ್ನೇ ತೂಕಕ್ಕೆ ಹಾಕ್ಬುಡಿ."

ನಕ್ಕೆ. ನಗುತ್ತಲೇ ಅವರ ತೋಳು ನೋಡಿದೆ. ಉದ್ದಕ್ಕೂ ಉಗುರಿನ ಗೀರು.

"ಕೆರೆತವಾ?"

"ಮೈಯೆಲ್ಲಾ ಇರುವೆ ಬುಟ್ಟಂಗೆ."

ಉಳಿದದ್ದನ್ನೂ ಕೇಳಿದೆ. ಮೂತ್ರ ಕಾಫಿ ಡಿಕಾಕ್ಷನ್ನಿನ ಹಾಗೆ. ಮಲ ಸೀಮೆಸುಣ್ಣದ ಬಣ್ಣ. ನನ್ನ ಬಾಲ್ಯದ ಕಾಮಾಲೆಯಲ್ಲಿ ಸುಸ್ತಿತ್ತು, ವಾಂತಿಯಿತ್ತು. ಈ ಕೆರೆತ, ಈ ಬಿಳುಪು ಇರಲಿಲ್ಲ.

"ಅಕ್ಕ ಕೊಟ್ಟ ಊಟ ತಿಂದಿರಾ?"

ಅವರು ಹೆಂಡತಿಯನ್ನು ನೋಡಿದರು, ಆಮೇಲೆ ಗೋಡೆಯನ್ನು. "ಒಡಹುಟ್ಟಿದೋಳು ಕೊಟ್ಟಿದ್ದನ್ನ ಬ್ಯಾಡ ಅನ್ನೋಕಾಗ್ತದಾ?"

ತಿಂದೆ ಅನ್ನಲಿಲ್ಲ, ತಿನ್ನಲಿಲ್ಲ ಅನ್ನಲಿಲ್ಲ. ಹಾಲೇಶ್ ಮಾತ್ರ ತೊಡೆ ತಟ್ಟಿದ. "ಕೇಳುಸ್ಕೊಂಡ್ರಾ?"

ಹೊರಡುವಾಗ ಮಂಜುಶ್ರೀ ಮಜ್ಜಿಗೆಯ ನೆಪ ಹೇಳಿ ಅಡುಗೆಮನೆಗೆ ಕರೆದಳು. ದನಿ ತಗ್ಗಿಸಿದಳು.

"ಒಂದು ಮಾತು ಯಾರಿಗೂ ಹೇಳಿಲ್ಲ ಮೇಡಂ. ಹೋದ ಸಲ ಅಮಾವಾಸ್ಯೆ ಅಂತ ಚಿಕ್ಕಹನುಮಕ್ಕ ಔಷಧಿ ಕೊಟ್ಟಿರಲಿಲ್ಲ. ಅಮಾವಾಸ್ಯೆ ಕಳೆದು ಅವಳು ಕೊಡೋ ಹೊತ್ತಿಗೆ ಇವರ ಕಣ್ಣು ಆಗ್ಲೇ ತಿಳಿಯಾಗಿತ್ತು."

"ಔಷಧಿ ಕುಡಿಯೋ ಮುಂಚೆಯೇ?"

"ಹೂಂ. ಹೇಳಿದ್ರೆ ಔಷಧಿಗೆ ಅಪಚಾರ ಆಗುತ್ತೆ, ಮುಂದೆ ನಾಟಲ್ಲ ಅಂತ ಸುಮ್ನಿದ್ದೆ."

ಮಜ್ಜಿಗೆಗೆ ಅವಳು ಇಂಗು ಹಾಕಿದ್ದಳು, ಒಣಶುಂಠಿಯನ್ನೂ ತೇಯ್ದು ಬೆರೆಸಿದ್ದಳು. ನನಗೆ ವಾಯು ಆಗುತ್ತದೆಂದು ಎಂದೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಇಂಥವಳು ಗಂಡನ ಅಕ್ಕನನ್ನು ಕೊಲೆಗಾರ್ತಿ ಎಂದು ನಂಬಿದ್ದಾಳೆ ಎಂದರೆ ಭಯ ಅವಳನ್ನು ಎಷ್ಟು ತಿಂದಿರಬೇಕು.

*

ಶಿರಾದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರ್ ಶ್ರೀಲತಾ ನನಗಾಗಿ ಎರಡು ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಹೋದ ಸಲದ ಕಾಮಾಲೆಯದು, ಇನ್ನೊಂದು ಈ ವಾರದ್ದು. ಎರಡನ್ನೂ ಅವಳೇ ಮಾಡಿದ್ದಳು. ಮನೆಯವರ ಒಪ್ಪಿಗೆಯಿಂದಲೇ ನಾನು ನೋಡಲು ಹೋಗಿದ್ದೆ.

"ಇದು ಪಿತ್ತನಾಳ ಆಂಟಿ. ಲಿವರ್‌ನಿಂದ ಪಿತ್ತ ಕರುಳಿಗೆ ಇಳಿಯೋ ಕಾಲುವೆ. ಎಷ್ಟು ಹಿಗ್ಗಿದೆ ನೋಡಿ."

"ಮದಲೂರು ಕೆರೆಯ ತೂಬು ಕಟ್ಟಿಕೊಂಡ ಹಾಗೆ."

"ಹಾಗೇ. ತೂಬಿಗೆ ಏನೋ ಅಡ್ಡ ಇದೆ. ಪಿತ್ತ ಹಿಂದಕ್ಕೆ ಒತ್ತಿ ರಕ್ತಕ್ಕೆ ಸೇರುತ್ತೆ, ಅದಕ್ಕೇ ಹಳದಿ, ಅದಕ್ಕೇ ಕೆರೆತ. ಕರುಳಿಗೆ ಪಿತ್ತ ಹೋಗಲ್ಲ, ಅದಕ್ಕೇ ಮಲ ಬಿಳುಪು."

"ವಿಷ ಹಾಕಿದ್ದರೆ?"

"ಸೊಪ್ಪಿನ ವಿಷವಾದ್ರೆ ಲಿವರೇ ಕೆಡುತ್ತೆ. ಕಾಲುವೆ ಹೀಗೆ ಉಬ್ಬಲ್ಲ."

ಅಂದರೆ ನಾನು ಹುಡುಕಬೇಕಿದ್ದ ಗಿಡವೇ ಇಲ್ಲ. ಮನಸ್ಸು ಹಗುರಾಯಿತು, ಆದರೆ ಒಂದು ಕ್ಷಣ ಮಾತ್ರ.

"ಹೋದ ಸಲ ಪಿತ್ತದ ಕಲ್ಲು ಅಂದಿದ್ದರಲ್ಲ?"

ಶ್ರೀಲತಾ ಬೆರಳಿಟ್ಟು ತೋರಿಸಿದಳು. "ಎಲ್ಲರೂ ಹಾಗೇ ಅಂದ್ಕೊಂಡ್ವಿ, ನಾನೂ ಸೇರಿ. ಕಲ್ಲು ಜಾರಿ ಹೋಗಿರುತ್ತೆ, ಅದಕ್ಕೇ ಹಳದಿ ಇಳೀತು ಅಂತ. ಆದ್ರೆ ಕಲ್ಲಿಗೆ ಹಿಂದೆ ಕಪ್ಪು ನೆರಳು ಬೀಳುತ್ತೆ. ಇದಕ್ಕೆ ನೆರಳಿಲ್ಲ. ಮೆತ್ತಗಿದೆ. ಮತ್ತೆ ಆವಾಗ ಇಲ್ಲಿತ್ತು, ಈಗ ಇಲ್ಲಿದೆ."

"ಜಾಗ ಬದಲಿಸಿದೆ."

"ಇನ್ನೊಂದು ನೋಡಿ. ಇಲ್ಲಿ, ಗೋಡೆಗೆ ಅಂಟಿದ ಹಾಗೆ ಏನೋ ಇದೆ. ಇದು ಮಾತ್ರ ಎರಡೂ ಸಲ ಅಲ್ಲೇ ಇದೆ."

ಒಂದು ಅಲ್ಲೇ ಕೂತಿದೆ. ಇನ್ನೊಂದು ಓಡಾಡುತ್ತಿದೆ. ನಾನು ಕನ್ನಡಕ ತೆಗೆದು ಒರೆಸಿದೆ.

"ಬೆಂಗಳೂರಿಗೆ ಕರ್ಕೊಂಡು ಹೋಗಿ, ಬಾಯಿಂದ ಕ್ಯಾಮೆರಾ ನಳಿಗೆ ಬಿಟ್ಟು ನೋಡ್ಬೇಕು. ಬೇಗ. ಚಳಿಜ್ವರ ಬಂತು ಅಂದ್ರೆ ನಾಳದಲ್ಲಿ ಸೋಂಕು ಶುರುವಾಗಿದೆ. ಮಾತ್ರೆ ಕೊಟ್ಟಿದೀನಿ, ಆದ್ರೆ ಮುಂದಿನ ಸಲ ರಕ್ತಕ್ಕೆ ನಂಜೇರಿದ್ರೆ ನಮಗೆ ಸಮಯವೇ ಸಿಗಲ್ಲ. ಮತ್ತೆ ಹಳದಿ ಇಳಿಯೋಕೆ ಮುಂಚೆ ಒಪ್ಪಿಸಿ ಆಂಟಿ."

"ಇಳಿದರೆ ಒಳ್ಳೆಯದಲ್ಲವಾ?"

"ಇಳಿದ್ರೆ ಅವರು ಬರಲ್ಲ."

*

ಪಾವಗಡದ ಬಸ್ಸಿನಲ್ಲಿ ಕಂಡಕ್ಟರು ತನ್ನ ಸೀಟು ನನಗೆ ಕೊಟ್ಟು ತಾನು ಬಾಗಿಲಿಗೆ ಒರಗಿಕೊಂಡ. ಅಲ್ಲಿಂದ ವಳ್ಳೂರಿಗೆ ಆಟೋ. ದಾರಿಯ ಎರಡೂ ಕಡೆ ತಂತಿಬೇಲಿ, ಅದರಾಚೆ ಕಣ್ಣು ಹೋಗುವಷ್ಟು ದೂರ ನೀಲಿ ಸೋಲಾರ್ ಫಲಕಗಳು ಆಕಾಶಕ್ಕೆ ಮುಖ ಮಾಡಿ ಮಲಗಿದ್ದವು.

ಬಸವಮ್ಮ ಅಂಗನವಾಡಿಯ ಮಕ್ಕಳಿಗೆ ಕೈ ತೊಳೆಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರ ಮುಖ ಬಿಗಿಯಲಿಲ್ಲ. ಮೊದಲು ನೀರು ತಂದುಕೊಟ್ಟರು. ಕೊಟ್ಟ ಮೇಲೆ ಏನೋ ನೆನಪಾಗಿ ಕೈ ಹಿಂದಕ್ಕೆಳೆದರು.

"ಕುಡೀತೀರಾ? ಇಲ್ಲ ಬಾಟ್ಲಿ ತರಿಸ್ಲಾ?"

ನಾನು ಪೂರ್ತಿ ಕುಡಿದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ತಮ್ಮ ಈ ಸಲ ನೀರೂ ಮುಟ್ಲಿಲ್ಲ ಕಣಮ್ಮ. ಜಗಲಿ ಮ್ಯಾಲೆ ಕೂತ. 'ಇಲ್ಲಿ ಏನೂ ತಿನ್ನಲ್ಲ ಅಂತ ಮಂಜುಗೆ ಆಣೆ ಇಟ್ಟಿದೀನಿ ಕಣಕ್ಕ, ಆದ್ರೂ ನಿನ್ನ ನೋಡ್ದೆ ಇರಕಾಗ್ಲಿಲ್ಲ, ಬಂದ್ಬುಟ್ಟೆ' ಅಂದ. ನಾನೇ ಹೋಳಿಗೆ ಡಬ್ಬಿಗೆ ಹಾಕಿ ಕೈಗಿಟ್ಟೆ. ಈಸ್ಕೊಂಡ. ತಿಂದ್ನೋ ಇಲ್ವೋ ಗೊತ್ತಿಲ್ಲ."

"ತಿಂದಿರಬಹುದು ಅಂತ ಅಂದುಕೊಂಡಿದ್ದೀರಾ?"

"ಇಲ್ಲ," ಅಂದರು. "ಅವ್ನು ಚಿಕ್ಕೋನಿಂದ್ಲೂ ಆಣೆ ಮುರಿಯೋನಲ್ಲ. ನಂಗೆ ಬೇಜಾರಾಗ್ಬಾರ್ದು ಅಂತ ಡಬ್ಬಿ ಈಸ್ಕೊಂಡ."

ಹಾಗಿದ್ದರೆ ಆ ಊಟ ಎಲ್ಲಿ ಹೋಯಿತು? ನಾಗಲಿಂಗಯ್ಯನವರು ಅನ್ನ ಚೆಲ್ಲುವವರಲ್ಲ. ಡಬ್ಬಿ ಕಡೆಯದಾಗಿ ಕಂಡದ್ದು ಪಾವಗಡ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಗೇ ಹೋದೆ. ಮಧುಗಿರಿ ಬಸ್ಸು ನಿಲ್ಲುವ ಜಾಗದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಮುದುಕ ಕದಿರಯ್ಯ ಕೂತಿದ್ದ. ಎತ್ತರದ ಆಳು, ಸಣಕಲಾಗಿದ್ದಾರೆ, ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದರು ಎನ್ನುವಷ್ಟರಲ್ಲೇ ಅವನ ಮುಖ ಅರಳಿತು. ತೆಲುಗು ಬೆರೆತ ಕನ್ನಡದಲ್ಲಿ ಶುರುಮಾಡಿದ.

"ಆ ಸಾಮಿನಾ? ನಾನೇ ತಿಂದಿದ್ದು ತಲ್ಲಿ! ಬೊಬ್ಬಟ್ಲು, ಹೋಳಿಗೆ, ಮ್ಯಾಲೆ ತುಪ್ಪ. ಚಾಲಾ ಬಾಗುಂದಿ. 'ತಾತ, ಇದು ನಮ್ಮಕ್ಕ ಮಾಡಿದ್ದು, ಚೆಲ್ಬೇಡ, ನೀನು ತಿನ್ನು' ಅಂದ. ಬಸ್ ಬಂದ್ಬುಡ್ತು, ಹತ್ಕೊಂಡ್ಬುಟ್ಟ." ಮಂಕರಿಯ ಅಡಿಯಿಂದ ಒಂದು ಡಬ್ಬಿ ತೆಗೆದ. ಬೂದಿ ಹಾಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ. ಮುಚ್ಚಳದ ಮೇಲೆ ಬಸವಮ್ಮನವರ ಹೆಸರು ಕೊರೆದಿತ್ತು. "ಮತ್ತೆ ಬರ್ತಾನೆ ಅಂತ ದಿನಾ ತಂದು ಇಟ್ಕಂಡಿರ್ತೀನಿ."

"ಅದನ್ನು ತಿಂದ ಮೇಲೆ ನಿಮಗೆ ಕಾಮಾಲೆ ಏನಾದರೂ..."

"ಕಾಮೆರ್ಲಾ? ನಂಗಾ?" ಎರಡು ಬೆರಳಿನಿಂದ ಕೆಳರೆಪ್ಪೆ ಎಳೆದು ಮುಖದ ಹತ್ತಿರ ತಂದ. "ನೋಡಿ ತಲ್ಲಿ! ಹಾಲು, ಹಾಲು! ಇನ್ನೊಂದು ಡಬ್ಬಿ ಕಳ್ಸಿದ್ರೆ ಇನ್ನೂ ಬೆಳ್ಳಗಾಯ್ತದೆ."

*

ಮಧುಗಿರಿಯಲ್ಲಿ ನಾನು ಹೆದರಿದ್ದೇ ಆಗಿತ್ತು. ಹಳದಿ ಇಳಿಯತೊಡಗಿತ್ತು.

ನಾಗಲಿಂಗಯ್ಯ ಎದ್ದು ಕೂತಿದ್ದರು. ಕಣ್ಣಿನ ಬಿಳಿ ಮತ್ತೆ ಬಿಳಿಯಾಗುವ ದಾರಿಯಲ್ಲಿತ್ತು. "ಜ್ವರ ಬುಡ್ತು ಮೇಡಂ, ಕೆರೆತ ಬುಡ್ತು. ಚಿಕ್ಕಹನುಮಕ್ಕನ ಕೈಗುಣ ಅಂದ್ರೆ ಅದು. ಬೆಂಗ್ಳೂರು ಗಿಂಗ್ಳೂರು ಬ್ಯಾಡ ಇನ್ನ."

"ಔಷಧಿ ಗೆಲ್ತು, ವಿಷ ಸೋಲ್ತು," ಅಂದ ಹಾಲೇಶ್. "ಗಿಡ ಯಾವ್ದು ಅಂತ ಗೊತ್ತಾಯ್ತಾ ಮೇಡಂ?"

ನಾನು ಚೀಲದಿಂದ ಕದಿರಯ್ಯ ಕೊಟ್ಟ ಡಬ್ಬಿ ತೆಗೆದು ನಡುವೆ ಇಟ್ಟೆ.

"ಇದೇ! ಇದೇ ಡಬ್ಬಿ!" ಹಾಲೇಶ್ ಎದ್ದು ನಿಂತ. "ಎಲ್ಲಿ ಸಿಕ್ತು?"

"ಇದರಲ್ಲಿದ್ದದ್ದನ್ನು ತಿಂದವನ ಹತ್ತಿರ. ಕದಿರಯ್ಯ ಅಂತ, ಕಡಲೆಕಾಯಿ ಮಾರುತ್ತಾನೆ. ಕಲ್ಲುಗುಂಡಿನ ಹಾಗಿದ್ದಾನೆ. ನಿನ್ನ ಭಾವ ಒಂದು ತುತ್ತೂ ತಿಂದಿಲ್ಲ."

ಮಂಜುಶ್ರೀ ಗಂಡನ ಕಡೆ ತಿರುಗಿದಳು.

"ನಿಜವಾ?"

"ನಿನ್ನ ಮ್ಯಾಲೆ ಆಣೆ ಇಟ್ಟಿದ್ನಲ್ಲ," ಅಂದರು ಅವರು. "ತಿಂದಿಲ್ಲ ಅಂದ್ರೆ ಅಕ್ಕನ್ಗೆ ನೋವಾಯ್ತದೆ. ತಿಂದೆ ಅಂದ್ರೆ ನಿಂಗೆ. ಅದ್ಕೆ ಬಾಯಿ ಮುಚ್ಕಂಡೆ."

"ಥೂ, ಹೇಳ್ಬಾರ್ದಾ ಭಾವ!" ಹಾಲೇಶ್ ಸುಲಭಕ್ಕೆ ಸೋಲಲಿಲ್ಲ. "ಸರಿ. ಈ ಸಲ ತಿಂದಿಲ್ಲ. ಮಿಕ್ಕ ಸಲ? ಪ್ರತಿ ಸಲ ಅಲ್ಲಿ ಉಂಡು ಬಂದ್ಮೇಲೇ ಅಲ್ವಾ ಬಂದಿದ್ದು?"

"ಪ್ರತಿ ಸಲ ಕ್ಷೌರ ಮಾಡಿಸಿಕೊಂಡ ಮೇಲೂ ಬಂದಿದೆ ಹಾಲೇಶ್. ಪಥ್ಯದಲ್ಲಿ ಗಡ್ಡ ಬಿಟ್ಟಿದ್ದವರು ಗುಣವಾದ ಮೇಲೆ ತಾನೇ ತೆಗೆಸಿದ್ದು? ಕ್ಷೌರದವನ ಮೇಲೂ ಕಂಪ್ಲೇಂಟ್ ಕೊಡುತ್ತೀಯಾ?"

ಮಂಚದಿಂದ ನಾಗಲಿಂಗಯ್ಯನವರ ನಗು ಕೇಳಿತು.

"ಗುಣವಾದರೆ ಅಕ್ಕನ ಮನೆಯಲ್ಲಿ ಊಟ. ಅದು ನಿಮ್ಮ ಪದ್ಧತಿ. ರೋಗ ಮರುಕಳಿಸುವಂಥದ್ದು. ಹಾಗಾಗಿ ಪ್ರತಿ ಹೊಸ ಹಳದಿಗೆ ಮುಂಚೆ ಆಕೆಯ ಊಟ ಇದ್ದೇ ಇರುತ್ತದೆ. ಆ ಸಾಲನ್ನು ಜೋಡಿಸಿದ್ದು ಆಕೆಯಲ್ಲ, ನಾವು."

ಹಾಲೇಶ್ ಕೂತ. ಮೆತ್ತಗೆ ಕೇಳಿದ, "ಹಂಗಾದ್ರೆ ಯಾರು?"

"ಯಾರೂ ಅಲ್ಲ. ಅವರ ಪಿತ್ತನಾಳದಲ್ಲಿ ಏನೋ ಕೂತಿದೆ. ಅದು ದಾರಿ ಕಟ್ಟುತ್ತದೆ, ಆಮೇಲೆ ತಾನೇ ಬಿಡುತ್ತದೆ. ಬಿಟ್ಟಾಗ ನಾವು ಗೆದ್ದೆವು ಅಂದುಕೊಳ್ಳುತ್ತೇವೆ. ಸೊಪ್ಪು ಕೆಟ್ಟದ್ದಲ್ಲ, ಚಿಕ್ಕಹನುಮಕ್ಕನೂ ಕೆಟ್ಟವಳಲ್ಲ. ಆದರೆ ಈ ಹಳದಿ ಅವಳ ಮಾತು ಕೇಳಿ ಇಳಿಯುತ್ತಿಲ್ಲ."

"ಇಳೀತಾ ಇದೆಯಲ್ಲ!" ನಾಗಲಿಂಗಯ್ಯ ಕಣ್ಣರಳಿಸಿ ತೋರಿಸಿದರು. "ಔಷಧಿ ಕುಡಿದೆ, ಇಳೀತು. ಇಳಿದ್ಮ್ಯಾಲೆ ಯಾಕೆ ಹೊಟ್ಟೆಗೆ ಕ್ಯಾಮೆರಾ ಬುಡುಸ್ಕೊಳ್ಳಿ? ನಾನು ಬರಲ್ಲ ಮೇಡಂ."

ನನ್ನ ಬಳಿ ಉಳಿದ ಸಾಕ್ಷಿ ಒಂದೇ. ಅದನ್ನು ಹೇಳುವ ಹಕ್ಕು ನನ್ನದಲ್ಲ. ಮಂಜುಶ್ರೀಯ ಮುಖ ನೋಡಿ ಸುಮ್ಮನಾದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೋದ ಸಲ ಕುಡಿಯೋಕೆ ಮುಂಚೆನೇ ಇಳಿದಿತ್ತು ರೀ," ಅಂದಳು. "ಅಮಾವಾಸ್ಯೆ ದಿನ. ನೀವು ಮಲಗಿದ್ರಿ. ನಾನು ರೆಪ್ಪೆ ಬಿಡಿಸಿ ನೋಡಿದ್ದೆ."

ನಾಗಲಿಂಗಯ್ಯ ಹೆಂಡತಿಯನ್ನೇ ನೋಡಿದರು. ನಗುವ ಮುಖ ಅದು. ಅದರಲ್ಲಿ ಮೊದಲ ಸಲ ಹೆದರಿಕೆ ಕಂಡೆ.

"ಯಾಕ್ ಹೇಳ್ಲಿಲ್ಲ?"

"ನೀವ್ಯಾಕೆ ಡಬ್ಬಿ ವಿಷಯ ಹೇಳ್ಲಿಲ್ಲ? ಅದಕ್ಕೇ."

"ಬೆಂಗ್ಳೂರಿಗೆ ಹೋಗನ," ಅಂದರು ಅವರು. "ಆದ್ರೆ ಅಕ್ಕನೂ ಬರ್ಲಿ."

ಆಮೇಲೆ ಮಂಜುಶ್ರೀಯೇ ಫೋನ್ ತಂದು ಗಂಡನ ಕೈಗಿಟ್ಟಳು.

*

ಬೆಂಗಳೂರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು. ಒಂದು ತುದಿಗೆ ಮಂಜುಶ್ರೀ, ಇನ್ನೊಂದು ತುದಿಗೆ ಬಸವಮ್ಮ. ನಡುವೆ ನಾನು. ಹಾಲೇಶ್ ಗೋಡೆಗೆ ಒರಗಿ ನಿಂತಿದ್ದ. ಬಸವಮ್ಮ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ತಮ್ಮ ಹೊರಗೆ ಬರುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲವಂತೆ.

ಡಾಕ್ಟರ್ ಚಂದ್ರಶೇಖರ್ ಟೋಪಿ ತೆಗೆಯುತ್ತಾ ಬಂದರು. ನಿಂತು ಹೇಳಲಿಲ್ಲ. ನಮ್ಮೆದುರು ಒಂದು ಸ್ಟೂಲು ಎಳೆದುಕೊಂಡು ಕೂತರು.

"ಕಲ್ಲಲ್ಲ. ಪಿತ್ತನಾಳ ಕರುಳಿಗೆ ತೆರೆಯುವ ಬಾಯಿ ಇದೆಯಲ್ಲ, ಅದು ಸಾಮಾನ್ಯವಾಗಿ ಸೂಜಿಯ ಕಣ್ಣಿನಷ್ಟಿರುತ್ತೆ. ಇವರಿಗೆ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿದೆ. ಅದರಿಂದ ಲೋಳೆ ಇಳೀತಾ ಇತ್ತು, ಲೋಳೆಸರದ ಎಲೆ ಮುರಿದ ಹಾಗೆ. ನಾಳದ ಒಳಗೋಡೆಯಲ್ಲಿ ಒಂದು ಗಡ್ಡೆ ಇದೆ. ಹೂಕೋಸಿನ ಹಾಗೆ ಸಣ್ಣ ಎಸಳು. ಬಹಳ ಅಪರೂಪ. ಲೋಳೆಯನ್ನು ಅದೇ ಸುರಿಸೋದು. ಲೋಳೆ ತುಂಬಿ ನಾಳ ಕಟ್ಟಿದಾಗ ಕಾಮಾಲೆ. ಜಾರಿ ಹೋದಾಗ ಗುಣ. ಎಷ್ಟೋ ಜನರಿಗೆ ವರ್ಷಗಟ್ಟಲೆ ಕಲ್ಲು ಅಂತಲೇ ಚಿಕಿತ್ಸೆ ಆಗಿರುತ್ತೆ."

ಓಡಾಡುತ್ತಿದ್ದದ್ದು ಲೋಳೆ. ಕೂತಿದ್ದದ್ದು ಗಡ್ಡೆ. ಶ್ರೀಲತಾ ಬೆರಳಿಟ್ಟು ತೋರಿಸಿದ್ದು ಸರಿಯಾಗಿತ್ತು.

"ಕ್ಯಾನ್ಸರಾ ಸರ್?" ಹಾಲೇಶನ ದನಿ ಅವನದೇ ಅನ್ನಿಸಲಿಲ್ಲ.

"ಆಗಿರಬಹುದು, ಇನ್ನೂ ಆಗದೇ ಇರಬಹುದು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀವಿ. ಬಿಟ್ಟರೆ ಆಗುವ ಅಪಾಯ ಇದೆ. ನಾವು ಕಣ್ಣಿನಿಂದ ಕಂಡ ಗಡ್ಡೆ ಲಿವರಿನ ಎಡಭಾಗದ ಕವಲಿನಲ್ಲಿದೆ. ಆ ಭಾಗವನ್ನು ಆಪರೇಷನ್ ಮಾಡಿ ತೆಗೆದರೆ ಒಳ್ಳೆ ಬದುಕು ಸಿಗೋ ಸಾಧ್ಯತೆ ಇದೆ."

ಮಂಜುಶ್ರೀ ಉಸಿರು ಬಿಟ್ಟಳು. ಡಾಕ್ಟರು ಏಳಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಮಡಿಸಿದರು.

"ಒಂದು ವಿಷಯ ಇದೆ. ಬಲಗಡೆಯ ಕವಲಿನಲ್ಲೂ ಒಂದು ಮಸುಕು ಕಾಣ್ತಿದೆ."

"ಅಲ್ಲೂ ಗಡ್ಡೆಯಾ?" ಅಂದೆ.

"ಲೋಳೆ ಇರಬಹುದು. ಗಡ್ಡೆಯೂ ಇರಬಹುದು. ಲೋಳೆ ತುಂಬಿದಾಗ ಎರಡೂ ಒಂದೇ ಥರ ಕಾಣುತ್ತೆ. ಅವರಿನ್ನೂ ಮಂಪರಿನಲ್ಲೇ ಇದ್ದಾರೆ. ಇನ್ನೂ ಸಣ್ಣ ಕ್ಯಾಮೆರಾವನ್ನು ಆ ಕವಲಿನೊಳಗೇ ಕಳಿಸಿ ನೋಡ್ತೀವಿ. ಲೋಳೆಯಾದರೆ ತೊಳೆದು ಆಪರೇಷನ್ನಿಗೆ ದಿನ ಗೊತ್ತು ಮಾಡೋಣ."

"ಇಲ್ದಿದ್ರೆ?" ಬಸವಮ್ಮ ಕೇಳಿದರು.

"ಎರಡೂ ಕಡೆ ತೆಗೆಯೋಕೆ ಆಗಲ್ಲಮ್ಮ."

ಅವರು ಒಳಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅದರ ಮೇಲಿನ ಕೆಂಪು ದೀಪ ಹತ್ತಿತು.

ನಾನು ತಿರುಗಿ ನೋಡಿದರೆ ಹಾಲೇಶ್ ಗೋಡೆಯ ಬಳಿ ಇರಲಿಲ್ಲ. ಹೊರಗೆ ಹೋಗಿ ಅಳುತ್ತಿರಬೇಕು ಅಂದುಕೊಂಡೆ. ಮಂಜುಶ್ರೀ ಬೆಂಚಿನ ಮೇಲೆ ಸರಿದು ನನ್ನ ಪಕ್ಕಕ್ಕೆ ಬಂದಳು. ಬಸವಮ್ಮ ಕೆಂಪು ದೀಪವನ್ನೇ ನೋಡುತ್ತಿದ್ದರು.

ಅವನು ಮೆಟ್ಟಿಲು ಹತ್ತಿ ಬಂದ. ಬಾಳೆಲೆಯಲ್ಲಿ ಕಟ್ಟಿದ ಕ್ಯಾಂಟೀನಿನ ಊಟದ ಪೊಟ್ಟಣವೊಂದು ಕೈಯಲ್ಲಿತ್ತು. ಸ್ವಂತ ಅಕ್ಕನನ್ನು ದಾಟಿ, ನನ್ನನ್ನು ದಾಟಿ, ಬಸವಮ್ಮನವರ ಮುಂದೆ ನಿಂತ. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ನೀಡಿದ.

ಬಸವಮ್ಮ ಅವನ ಮುಖ ನೋಡಿದರು, ಬಾಗಿಲ ಮೇಲಿನ ದೀಪ ನೋಡಿದರು. ಆಮೇಲೆ ಕೈ ಚಾಚಿ ಪೊಟ್ಟಣವನ್ನು ತೆಗೆದುಕೊಂಡರು.